ಬೂದಿ ತೊಳೆದ ಹುಲ್ಲು

ಜೂನ್ 4

ಪೆನಿಪೆಯ ಈ ಶಾಲೆಗೆ ಬಂದು ಬಿದ್ದಿದ್ದೇವೆ. ನಮ್ಮ ಯಾನಪಂಬ ಊರಿನವರಿಗೆ ಕೊಟ್ಟಿರುವುದು ನಾಲ್ಕನೇ ತರಗತಿಯ ಕೋಣೆ. ಬೆಂಚುಗಳನ್ನು ಅಂಗಳಕ್ಕೆ ಹಾಕಿ, ಅಡ್ಡಡ್ಡ ಹಗ್ಗ ಎಳೆದು, ದುಪ್ಪಟಿ ಇಳಿಬಿಟ್ಟು ಒಂದೇ ಕೋಣೆಯಲ್ಲಿ ನಾಲ್ಕು ಮನೆ ಮಾಡಿಕೊಂಡಿದ್ದೇವೆ. ನನ್ನ ತಲೆದಿಂಬಿನ ಮೇಲೆ ಗೋಡೆಯಲ್ಲಿ ಎಂಟರ ಮಗ್ಗಿ ಬರೆದಿದೆ. ದುಪ್ಪಟಿಯ ಆಚೆ ಮೆಲಿದಾ, ಅವಳ ಗಂಡ ಲೌತಾರೊ, ಅವನ ಗೊರಕೆ.

ಚರ್ಚಿನ ಸಿಸ್ಟರ್ ಬಂದು ಹೆಂಗಸರಿಗೆಲ್ಲ ಒಂದೊಂದು ನೋಟುಪುಸ್ತಕ ಹಂಚಿದರು. ಬರೆದರೆ ಮನಸ್ಸು ಹಗುರಾಗುತ್ತದಂತೆ. ಮೆಲಿದಾ ತನ್ನದರ ಹಾಳೆ ಹರಿದು ಒಲೆ ಹೊತ್ತಿಸಿದಳು. ನಾನು ಬರೆಯುತ್ತಿದ್ದೇನೆ. ಮನಸ್ಸೇನೂ ಹಗುರಾಗಿಲ್ಲ, ಬೆರಳು ಮಾತ್ರ ನೋಯುತ್ತಿದೆ.

ಈ ಬೆಂಕಿಬೆಟ್ಟವನ್ನು ತುಂಗುರಾವಾ ಎಂದು ಹೆಸರು ಹಿಡಿದು ಕರೆಯುವವರು ಪಟ್ಟಣದವರು. ನಮಗೆ ಅವಳು ಅಮ್ಮ. ಅಮ್ಮ ಎಚ್ಚೆತ್ತು ಬೂದಿ ಉಗುಳಲು ಶುರು ಮಾಡಿದ ಮೇಲೆ ಸೈನಿಕರು ಲಾರಿ ತಂದು ನಮ್ಮನ್ನು ತುಂಬಿಕೊಂಡು ಬಂದರು. ಹಿಂದೊಮ್ಮೆಯೂ ಹೀಗೇ ಎತ್ತಿಕೊಂಡು ಹೋಗಿದ್ದರು. ಆಗ ಅಮ್ಮ ಏನೂ ಮಾಡಲಿಲ್ಲ, ನಾವು ವಾಪಸು ಹೋದಾಗ ಕಳ್ಳರು ಮನೆಗಳ ಬಾಗಿಲನ್ನೂ ಬಿಟ್ಟಿರಲಿಲ್ಲ. ಅದಕ್ಕೇ ಈ ಸಲ ಗಂಡಸರು ಬೆಳಗ್ಗೆ ಎದ್ದು ಮೇಲೆ ಹೋಗಿ, ದನ ನೋಡಿಕೊಂಡು, ಸಂಜೆ ಇಳಿದು ಬರುತ್ತಾರೆ. ನನ್ನ ಗಂಡ ಬಾಲ್ತಸಾರ್ ಇಳಿದೇ ಇಲ್ಲ.

"ಹಸು ಬಿಟ್ಟು ಬರಲ್ಲ" ಎಂದ.

"ಹಸೂನೇ ಮದುವೆ ಆಗ್ಬೇಕಿತ್ತು ನೀನು" ಎಂದೆ.

ಆ ತಿಂಗಳಲ್ಲಿ ನಾವಿಬ್ಬರು ಆಡಿದ ಅತಿ ದೊಡ್ಡ ಮಾತುಕತೆ ಅದೇ ಇರಬೇಕು. ಮಗಳು ಮದುವೆಯಾಗಿ ಅಂಬಾತೊಗೆ ಹೋದ ಮೇಲೆ ನಮ್ಮ ಮನೆಯಲ್ಲಿ ಮಾತಾಡುತ್ತಿದ್ದುದು ಅಮ್ಮ ಒಬ್ಬಳೇ.

ಜೂನ್ 7

ಇವತ್ತು ಮಾನ ಹೋಯಿತು.

ಯಾನಪಂಬದ ಕಾವಲುಗಾರ ಬಾಲ್ತಸಾರ್. ನಮ್ಮ ಮನೆ ದಿಣ್ಣೆಯ ತುದಿಯಲ್ಲಿರುವುದರಿಂದ ಅಮ್ಮನ ಬಾಯಿ ನೇರವಾಗಿ ಕಾಣುತ್ತದೆ ಎಂದು ರೇಡಿಯೋವನ್ನು ನಮ್ಮ ಅಡುಗೆಮನೆಯ ಕಂಬಕ್ಕೆ ಕಟ್ಟಿಸಿದ್ದಾರೆ. ದಿನಾ ಮುಸ್ಸಂಜೆ ಇಲ್ಲಿ ಪೆನಿಪೆಯಲ್ಲಿ, ಶಾಲೆಯ ಪಕ್ಕದ ಕೋಣೆಯಲ್ಲಿ, ರೇಡಿಯೋ ನೋಡಿಕೊಳ್ಳುವ ಹಿರಿಯ ಡಾನ್ ಆಬ್ದೋನ್ ಕೂತು ಒಂದೊಂದೇ ಊರನ್ನು ಕೂಗುತ್ತಾನೆ. ಕಾವಲುಗಾರರು ಸರದಿಯಂತೆ ಉತ್ತರ ಕೊಡಬೇಕು. ಒಬ್ಬ ಆಡಿದ್ದು ಕಣಿವೆಯ ಎಲ್ಲ ಊರಿಗೂ ಕೇಳುತ್ತದೆ. ಶಿಬಿರದ ಜನಕ್ಕೆ ಬೇರೆ ಕೆಲಸವಿಲ್ಲ, ಎಲ್ಲರೂ ಅಲ್ಲೇ ಜಮಾಯಿಸುತ್ತಾರೆ. ನಾನೂ ಹೋಗಿ ನಿಂತಿದ್ದೆ.

"ಯಾನಪಂಬ, ಯಾನಪಂಬ, ಕೇಳಿಸ್ತಿದ್ಯಾ?"

"ಕೇಳಿಸ್ತಿದೆ. ಹೊಗೆ ಬೆಳ್ಳಗಿದೆ, ಬೂದಿ ಪಡುವಣಕ್ಕೆ ಹೋಗ್ತಿದೆ. ಹೊಸದೇನಿಲ್ಲ. ನನ್ನ ಹೆಂಡ್ತಿ ಅಲ್ಲಿದ್ರೆ ಕೇಳಿ ಡಾನ್ ಆಬ್ದೋನ್, ಹಸಿರು ಬಕೆಟ್ ಎಲ್ಲಿಟ್ಟಿದಾಳೆ?"

ಕೋಣೆ ಪೂರ್ತಿ ನನ್ನ ಕಡೆ ತಿರುಗಿತು. ಡಾನ್ ಆಬ್ದೋನ್ ನಗುತ್ತಾ ಮೈಕು ಕೈಗೆ ಕೊಟ್ಟ.

"ಬಾಗಿಲ ಹಿಂದೆ ಇದೆ. ಕಣ್ಣು ಬಿಟ್ಟು ನೋಡು."

"ಇಲ್ಲ ಇಲ್ಲಿ."

"ಬಾಗಿಲು ಮುಚ್ಚಿ ನೋಡಯ್ಯಾ!"

ಆಮೇಲೆ, "ಸಿಕ್ತು" ಎಂದ. ಎಂಟು ಊರಿನ ಕಾವಲುಗಾರರು ಒಟ್ಟಿಗೆ ನಕ್ಕರು. ಇನ್ನು ಆ ಕಡೆ ತಲೆ ಹಾಕುವುದಿಲ್ಲ.

ಜೂನ್ 8

ಹೋಗಿದ್ದೆ. ಬಕೆಟ್ ತೂತಾಗಿದೆ ಎಂದು ಹೇಳುವುದು ನಿನ್ನೆ ಮರೆತಿತ್ತು.

ಜೂನ್ 15

ಹುಲ್ಲಿನ ಮೇಲಿನ ಬೂದಿ ದನಗಳ ಹಲ್ಲು ಸವೆಸುತ್ತಿದೆ. ಗಾಜು ಅಗಿದ ಹಾಗೆ ಅದು. ಹಲ್ಲು ಹೋದ ಹಸು ಮೇವಿನ ಮುಂದೆ ನಿಂತೇ ಸಾಯುತ್ತದೆ. ನಮ್ಮ ಮುದಿ ಹಸು ಪಿಂತಾಳ ಹಲ್ಲು ಒಸಡಿನ ತನಕ ಸವೆದಿದೆಯಂತೆ. ಬಾಲ್ತಸಾರ್ ಹುಲ್ಲು ಕೊಯ್ದು, ತೊಟ್ಟಿಯಲ್ಲಿ ತೊಳೆದು, ಸಣ್ಣಗೆ ಕತ್ತರಿಸಿ ಕೈಯಿಂದ ತಿನ್ನಿಸುತ್ತಿದ್ದಾನೆ. ರೇಡಿಯೋದಲ್ಲಿ ಇದನ್ನೆಲ್ಲ ಹೇಳಿದ. ಮಗಳು ಮಗುವಾಗಿದ್ದಾಗ ಒಂದು ದಿನ ಒಂದು ತುತ್ತು ತಿನ್ನಿಸಿದವನಲ್ಲ.

"ಒಂದೇ ನೀರಲ್ಲಿ ತೊಳಿಬೇಡ. ಬೂದಿ ತಳಕ್ಕಿಳಿಯೋಕೆ ಬಿಟ್ಟು, ಇನ್ನೊಂದು ನೀರಲ್ಲಿ ಜಾಲಿಸು" ಎಂದೆ.

"ಹಂಗೇ ಮಾಡ್ತೀನಿ" ಎಂದ. ಅವನ ಬಾಯಲ್ಲಿ ಈ ಮಾತು ಕೇಳಿ ಎಷ್ಟು ಕಾಲವಾಗಿತ್ತೋ.

ಲೌತಾರೊ ತನ್ನ ಗಾಡಿಯಲ್ಲಿ ಹಸುಗಳನ್ನು ಕೆಳಗೆ ತಂದು, ತನ್ನ ಮಾವನ ಕೊಟ್ಟಿಗೆಯಲ್ಲಿ ಕಟ್ಟಲು ಜಾಗ ಕೊಡುತ್ತೇನೆ ಎಂದಿದ್ದಾನೆ. ಬಾಲ್ತಸಾರ್ ಬೇಡ ಎಂದನಂತೆ. ಹಠಮಾರಿ.

ಜೂನ್ 26

ಕೆಮ್ಮು. ಮೆಲಿದಾಗೂ ಕೆಮ್ಮು. ಅನ್ನದಲ್ಲಿ ಬೂದಿ, ಕಣ್ಣಲ್ಲಿ ಬೂದಿ, ಹಲ್ಲಿನ ಸಂದಿಯಲ್ಲಿ ಬೂದಿ. ದಿನಾ ಬೆಳಗ್ಗೆ ಶಾಲೆಯ ಚಾವಣಿ ಗುಡಿಸುತ್ತೇವೆ, ಇಲ್ಲದಿದ್ದರೆ ಮಳೆ ಬಂದಾಗ ಒದ್ದೆ ಬೂದಿಯ ಭಾರಕ್ಕೆ ತಗಡು ಕುಸಿಯುತ್ತದೆ. ಗುಡಿಸಿ ಇಳಿಯುವಷ್ಟರಲ್ಲಿ ಮತ್ತೆ ಬಿದ್ದಿರುತ್ತದೆ. ಯಾರಿಗೂ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿಯೂ ಉಳಿದಿಲ್ಲ.

ಸಂಜೆ ಹೊರಟಾಗ ಮೆಲಿದಾ ದುಪ್ಪಟಿ ಸರಿಸಿ, "ಎತೆಲಕ್ಕಾ, ರೇಡಿಯೋದಲ್ಲಿ ಮುಖ ಕಾಣ್ಸಲ್ಲ ಕಣೇ" ಎಂದಳು. ನೀಲಿ ಶಾಲು ಹೊದ್ದಿದ್ದೆ ಅಷ್ಟೆ. ಕಂದು ಶಾಲು ಕೊಳೆಯಾಗಿತ್ತು.

ಜುಲೈ 2

ಸರ್ಕಾರದ ಎಂಜಿನಿಯರ್ ಬಂದಿದ್ದ. ಪೆನಿಪೆಯಲ್ಲೇ ಸಿಮೆಂಟಿನ ಮನೆ ಕಟ್ಟಿಕೊಡುತ್ತಾರಂತೆ. ಕೊಳಾಯಿ, ಕರೆಂಟು, ಒಳಗೇ ಕಕ್ಕಸು. ಒಂದೇ ಷರತ್ತು. ಮೇಲೆ ಮಲಗುವವರಿಗೆ ಮನೆ ಇಲ್ಲ.

"ನಿಮ್ಮ ಯಜಮಾನರೆಲ್ಲಿ?" ಎಂದು ಕೇಳಿದ.

"ಕಕ್ಕಸಿಗೆ ಹೋಗಿದಾರೆ" ಎಂದೆ. ಅವನು ಕಾದ. ನಾನೂ ಕಾದೆ. ಕೊನೆಗೆ ಮೆಲಿದಾ, "ಅವರಿಗೆ ಹೊಟ್ಟೆ ಸರಿಯಿಲ್ಲ ಸಾರ್, ಸಂಜೆ ತನಕ ಆಗುತ್ತೆ" ಎಂದಾಗ ಎದ್ದು ಹೋದ.

ಸಂಜೆ ಮೈಕು ಹಿಡಿದು ಜಗಳವಾಡಿದೆ. "ಇಡೀ ಜನ್ಮ ಮಣ್ಣಿನ ನೆಲ ಬಳಿದೆ ಕಣಯ್ಯಾ. ಸಾಯೋ ಮುಂಚೆ ಒಂದ್ಸಲ ಸಿಮೆಂಟಿನ ಮೇಲೆ ಮಲಗ್ತೀನಿ. ಇಳಿದು ಬಾ."

"ನೀನು ಕೆಮ್ಮೋದು ಕೇಳಿಸ್ತಿದೆ. ಔಷಧಿ ತಗೊಂಡ್ಯಾ?" ಎಂದ.

ಮನೆ ಬೇಕು ನನಗೆ. ಅವನು ಬದುಕಿರುವುದೂ ಬೇಕು. ಎರಡಕ್ಕೂ ಅವನು ಇಳಿಯಬೇಕು.

ಜುಲೈ 13

ಬಾರ್ಲಿ ಹಿಟ್ಟಿನ ಗಂಜಿ ಹೇಗೆ ಮಾಡುವುದು ಎಂದು ಕೇಳಿದ. ದಿನಾ ಗಂಟಾಗುತ್ತದಂತೆ. ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕದಡಿಕೊಳ್ಳಬೇಕು, ಈರುಳ್ಳಿ ಬಾಡಿದ ಮೇಲೆ ಹುಯ್ಯಬೇಕು, ಕೈ ನಿಲ್ಲಿಸಬಾರದು. ಅವನು ಅಲ್ಲಿ ಕದಡುತ್ತಿದ್ದ, ನಾನು ಇಲ್ಲಿಂದ ಹೇಳುತ್ತಿದ್ದೆ. ಡಾನ್ ಆಬ್ದೋನ್ ಗಡಿಯಾರ ನೋಡುತ್ತಿದ್ದ. ಮಧ್ಯೆ ಕುಸುವಾ ಊರಿನ ಕಾವಲುಗಾರ ಬಾಯಿ ಹಾಕಿ, "ತಾಯೀ, ಉಪ್ಪು ಯಾವಾಗ?" ಎಂದ. ಅವನೂ ಒಲೆ ಹೊತ್ತಿಸಿಕೊಂಡು ಕೂತಿದ್ದನಂತೆ.

ಇವತ್ತು ನಕ್ಕೆವು. ಬೂದಿ ಬಿದ್ದ ಮೇಲೆ ಇದೇ ಮೊದಲು ಎಂದು ಬರೆಯಲು ಹೊರಟಿದ್ದೆ. ಅದಕ್ಕೂ ಮುಂಚೆ ಯಾವಾಗ ಒಟ್ಟಿಗೆ ನಕ್ಕಿದ್ದೆವು ಎಂದು ಯೋಚಿಸಿದರೆ ನೆನಪಾಗಲಿಲ್ಲ.

ಜುಲೈ 25

ಅಮ್ಮ ಸುಮ್ಮನಾಗಿದ್ದಾಳೆ. ಹೊಗೆ ಇಲ್ಲ, ಗುಡುಗಿಲ್ಲ, ಕಿಟಕಿಯ ಗಾಜು ಅಲುಗುತ್ತಿಲ್ಲ. ಊರಿಗೆ ಊರೇ ಹಿಗ್ಗಿದೆ. ಪಾದ್ರಿ ಕೃತಜ್ಞತೆಯ ಪೂಜೆ ಮಾಡಿಸಿದರು. ನಮ್ಮೂರ ಕೆಳಕೇರಿಯ ಸೆರಾಫಿನ್ ಮತ್ತು ಅವನ ಇಬ್ಬರು ತಮ್ಮಂದಿರು ಹಾಸಿಗೆ ಮಂಚ ಹೊತ್ತುಕೊಂಡು ಆಗಲೇ ಯಾನಪಂಬ ಸೇರಿದ್ದಾರೆ. ಲೌತಾರೊ ನಾಡಿದ್ದು ಹೋಗುತ್ತಾನಂತೆ. ನಡುಕ ಅಳೆಯುವ ಯಂತ್ರ ಇಟ್ಟುಕೊಂಡವರು ಮಾತ್ರ ಬೇಡ ಬೇಡ ಎನ್ನುತ್ತಿದ್ದಾರೆ. ಹಿಂದಿನ ಸಲವೂ ಹಾಗೇ ಅಂದಿದ್ದರು ಎಂದು ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ.

ಸಂಜೆ ಬಾಲ್ತಸಾರ್, "ಹೊಸದೇನಿಲ್ಲ" ಎಂದು ನಿಲ್ಲಿಸಿದ. ಡಾನ್ ಆಬ್ದೋನ್ ಮುಂದಿನ ಊರು ಕೂಗುವಷ್ಟರಲ್ಲಿ ಮತ್ತೆ ಅವನ ದನಿ ಬಂತು.

"ಸದ್ದೇ ಇಲ್ಲ. ನಂಗೆ ನಿದ್ದೆ ಬರ್ತಿಲ್ಲ ಎತೆಲ್."

ಬೈದುಕೊಳ್ಳುವ ಅಮ್ಮನ ಪಕ್ಕದಲ್ಲಿ ಹುಟ್ಟಿ ಬೆಳೆದವನು ಅವನು. ಗುಡುಗಿನಲ್ಲಿ ಅವನಿಗೆ ಜೋಂಪು ಹತ್ತುತ್ತದೆ. ನಿದ್ದೆ ಬರುತ್ತಿಲ್ಲ ಎಂದು ಅವನು ಯಾವತ್ತೂ ಯಾರಿಗೂ ಹೇಳಿದವನಲ್ಲ.

ಜುಲೈ 29

ಎರಡು ದಿನ ಬರೆಯಲಾಗಲಿಲ್ಲ, ಇವತ್ತು ಬರೆಯುತ್ತೇನೆ.

ಮೊನ್ನೆ ಲೌತಾರೊ ಹಾಸಿಗೆಗಳನ್ನು ಗಾಡಿಗೆ ಹೇರುತ್ತಿದ್ದಾಗ ನಾನೂ ಹತ್ತಿ ಕೂತೆ. ಮನೆ ಮುಟ್ಟಿದಾಗ ಬಾಲ್ತಸಾರ್ ತೊಟ್ಟಿಯ ಹತ್ತಿರ ಹುಲ್ಲು ಜಾಲಿಸುತ್ತಿದ್ದ. ತೆಳ್ಳಗಾಗಿದ್ದಾನೆ. ಎಷ್ಟೋ ದಿನದಿಂದ ಬರೀ ದನಿ ಕೇಳಿ, ಎದುರಿಗೆ ಆಳನ್ನು ನೋಡಿದಾಗ ನಾಚಿಕೆಯಾದ ಹಾಗಾಯಿತು. ಅವನೂ ನೆಲ ನೋಡಿದ.

"ಬಂದ್ಯಾ" ಎಂದ.

"ಬಂದೆ. ನಡಿ ಹೋಗೋಣ" ಎಂದೆ.

"ಪಿಂತಾ ಮೇವು ಮುಟ್ಟಿಲ್ಲ."

ಅಷ್ಟೆ. ರೇಡಿಯೋದಲ್ಲಿ ಗಂಜಿ ಕದಡಿದವನು ಎಲ್ಲಿ ಹೋದನೋ. ತೊಟ್ಟಿಗೆ ಕೈ ಇಟ್ಟೆ, ನೀರು ಬೆಚ್ಚಗಿತ್ತು. ಒರತೆಯ ನೀರು, ಯಾವತ್ತೂ ಬೆರಳು ಸೆಟೆಯುವಷ್ಟು ತಣ್ಣಗಿರುವುದು. ಅಮ್ಮ ಒಳಗೇ ಕುದಿಯುತ್ತಿದ್ದಾಳೆ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಾಯಿತು.

ನಾನು ಕರೆದರೆ ಬರುವವನಲ್ಲ, ಅತ್ತರಂತೂ ಬರುವುದೇ ಇಲ್ಲ. ಒಳಗೆ ಹೋಗಿ ಒಲೆ ಹೊತ್ತಿಸಿದೆ. ಆಲೂಗಡ್ಡೆ ತೊಳೆದು ಪಾತ್ರೆಗೆ ಹಾಕಿದೆ.

"ಏನ್ ಮಾಡ್ತಿದೀಯ?" ಎಂದು ಬಾಗಿಲಲ್ಲಿ ನಿಂತ.

"ರಾತ್ರಿ ಊಟಕ್ಕೆ."

"ಲೌತಾರೊ ಈಗ ವಾಪಸ್ ಹೊರಡ್ತಾನೆ. ಒರತೆ ನೀರು ತೋರಿಸ್ದೆ, ಅವನೂ ಹೆದರಿದಾನೆ. ನೀನು ಹೋಗು."

"ಹೋಗ್ಲಿ ಬಿಡು. ಉಪ್ಪೆಲ್ಲಿ?"

"ಎತೆಲ್ವೀನಾ!"

"ಹಸಿವಾಗ್ತಿದೆ ನಂಗೆ. ಕೂಗಾಡಬೇಡ."

ಆಗ ನೆಲ ಒಂದು ಸಲ ಜಗ್ಗಿತು. ಗೂಟಕ್ಕೆ ನೇತು ಹಾಕಿದ್ದ ಲೋಟಗಳೆಲ್ಲ ಒಟ್ಟಿಗೆ ಕೆಳಗೆ ಬಿದ್ದವು. ಹೊರಗೆ ಲೌತಾರೊ ಹಾರ್ನು ಒತ್ತಿ ಹಿಡಿದಿದ್ದ. ನಾನು ಕೂತಲ್ಲಿಂದ ಏಳಲಿಲ್ಲ. ಒಲೆಗೆ ಇನ್ನೊಂದು ಸೌದೆ ಇಟ್ಟೆ. ಬಾಲ್ತಸಾರ್ ನನ್ನನ್ನೇ ನೋಡಿದ. ಆಮೇಲೆ ಹೊರಗೆ ಓಡಿ ಕುಡುಗೋಲಿನಿಂದ ಹಸುಗಳ ಹಗ್ಗ ಕೊಯ್ದ. ಕಟ್ಟಿದ ದನವನ್ನು ಬೆಂಕಿಗೆ ಬಿಟ್ಟು ಹೋಗುವುದು ನಮ್ಮಲ್ಲಿ ದೊಡ್ಡ ಪಾಪ. ಒಳಗೆ ಬಂದು ಕುದಿಯುತ್ತಿದ್ದ ಪಾತ್ರೆಯನ್ನು ಹೊದ್ದಿದ್ದ ಪಾಂಚೋ ಕಂಬಳಿಯ ಅಂಚಿನಿಂದ ಹಿಡಿದು ಒಲೆಯಿಂದ ಎತ್ತಿಕೊಂಡ.

"ಗಾಡೀಲಿ ತಿನ್ನು. ನಡಿ" ಎಂದ.

ಇಳಿಯುವಾಗ ಸೆರಾಫಿನ್ ಮನೆ ಮುಂದೆ ಗಾಡಿ ನಿಧಾನ ಮಾಡಿ ಕೂಗಿದೆವು. ತಮ್ಮಂದಿರು ಮಂಚ ಜೋಡಿಸುತ್ತಿದ್ದರು. ಸೆರಾಫಿನ್ ನಗುತ್ತಾ ಕೈ ಬೀಸಿದ. "ಒಂದು ನಡುಕಕ್ಕೆ ಓಡ್ತೀರಾ? ಅಮ್ಮ ಮಗ್ಗುಲು ಬದಲಾಯಿಸಿದ್ಲು ಅಷ್ಟೆ!"

ಸೇತುವೆ ದಾಟಿದ ಮೇಲೆ ಅಮ್ಮ ಬಾಯಿ ತೆರೆದಳು. ಆ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ಕೆಂಡ ಬೆರೆತ ಬೂದಿಯ ಮೋಡ ಮೇಲಕ್ಕೆ ಹೋಗದೆ ನೆಲ ಹಿಡಿದು ಇಳಿಯಿತು. ದಿಣ್ಣೆಯ ಎರಡೂ ಕೊರಕಲು ತುಂಬಿಕೊಂಡು, ಮರಗಳನ್ನು ಸುಟ್ಟು ಮಲಗಿಸುತ್ತಾ, ಗಾಡಿಗಿಂತ ಬೇಗ ಬಂತು. ಹೊಳೆಯ ಆಚೆ ದಡದಲ್ಲಿ ನಿಂತಿತು. ಕಾದ ಕಲ್ಲಿನ ಮಳೆಗೆ ಗಾಡಿಯ ಹಿಂದೆ ಕಟ್ಟಿದ್ದ ಹಾಸಿಗೆಗಳು ಹೊತ್ತಿಕೊಂಡವು. ಲೌತಾರೊ ಓಡಿಸುತ್ತಲೇ ಇದ್ದ, ಬಾಲ್ತಸಾರ್ ಹಿಂದಕ್ಕೆ ಹತ್ತಿ ಒಂದೊಂದನ್ನೇ ರಸ್ತೆಗೆ ಒದ್ದ. ಪಾತ್ರೆ ನನ್ನ ತೊಡೆಯ ಮೇಲಿತ್ತು. ಶಾಲೆಗೆ ಬಂದ ಮೇಲೆ ಎಂಟರ ಮಗ್ಗಿಯ ಕೆಳಗೆ ಕೂತು ಆ ಅರೆಬೆಂದ ಆಲೂಗಡ್ಡೆಯನ್ನು ಇಬ್ಬರೂ ತಿಂದೆವು.

ಸೆರಾಫಿನ್ ಮತ್ತು ತಮ್ಮಂದಿರು ಬರಲಿಲ್ಲ.

ಆಗಸ್ಟ್ 8

ಹೊಳೆಯಂಚಿನ ತನಕ ಹೋಗಲು ಬಿಟ್ಟರು. ನಮ್ಮೂರ ಚರ್ಚು ಇಲ್ಲ. ಶಾಲೆ ಇಲ್ಲ. ಕೆಳಕೇರಿ ಇದ್ದ ಕಡೆ ಬೂದು ಬಯಲು, ಇನ್ನೂ ಹೊಗೆಯಾಡುತ್ತಿದೆ. ಚರ್ಚಿನ ಗಂಟೆಯ ಹಿತ್ತಾಳೆ ಕರಗಿ ಹರಿದಿದೆ ಎಂದು ನೋಡಿ ಬಂದವರು ಹೇಳಿದರು. ದಿಣ್ಣೆಯ ತುದಿಯಲ್ಲಿ ನಮ್ಮ ಮನೆಯದು ಅಡುಗೆಕೋಣೆ ಮಾತ್ರ ಉಳಿದಿದೆ. ಕೆಂಡ ಎರಡೂ ಪಕ್ಕದಲ್ಲಿ ಹಾದು ಹೋಗಿದೆ.

ಬಾಲ್ತಸಾರ್ ನೋಡಿದ. ಹೋಗಿ ಗಾಡಿಯಲ್ಲಿ ಕೂತ. ಮೆಲಿದಾ ನನ್ನನ್ನು ತಬ್ಬಿಕೊಂಡು, "ಗಂಡನ್ನ ಉಳಿಸ್ಕೊಂಡೆ ಕಣಕ್ಕಾ ನೀನು" ಎಂದು ಅತ್ತಳು. ನಾನು ಅಳಲಿಲ್ಲ, ಅಷ್ಟು ಸುಸ್ತಾಗಿತ್ತು.

ಆಗಸ್ಟ್ 30

ಮಾತಿಲ್ಲ. ಉಣ್ಣುತ್ತಾನೆ, ಮಲಗುತ್ತಾನೆ, ಮಗ್ಗಿ ನೋಡುತ್ತಾನೆ.

ಅಕ್ಟೋಬರ್ 6

ಸಿಮೆಂಟಿನ ಮನೆ ಸಿಕ್ಕಿತು. ಮೂರನೇ ಸಾಲು, ಹಳದಿ ಬಣ್ಣ. ಎಲ್ಲ ಮನೆಯೂ ಹಳದಿ. ಮೊದಲ ದಿನ ಲೌತಾರೊ ತನ್ನ ಮನೆಯೆಂದೇ ನಮ್ಮ ಮನೆಗೆ ನುಗ್ಗಿ ಮಂಚದ ಮೇಲೆ ಮಲಗಿಬಿಟ್ಟಿದ್ದ. ಕೊಳಾಯಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ಬೆಳಕು. ನೆಲ ಎಷ್ಟು ತಣ್ಣಗಿದೆಯೆಂದರೆ ಕಾಲಿಡಲು ಮನಸ್ಸಾಗುವುದಿಲ್ಲ.

ಡಾನ್ ಆಬ್ದೋನ್ ಬಂದು, ಯಾನಪಂಬದ ಕಡೆಯಿಂದ ನೋಡುವವರಿಲ್ಲದೆ ಕಷ್ಟವಾಗಿದೆ, ಹಗಲು ಹೊತ್ತಾದರೂ ಹೋಗಿ ಕೂರುತ್ತೀಯಾ ಎಂದು ಬಾಲ್ತಸಾರನನ್ನು ಕೇಳಿದ. ಅವನು ತಲೆಯಾಡಿಸಿ, "ನನ್ನಿಂದಾಗಲ್ಲ" ಎಂದ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಗೋಡೆ ನೋಡುತ್ತಾ ಕೂತಿರುತ್ತಾನೆ. ನಾನು ಅಡುಗೆಮನೆಯಲ್ಲಿ ಇರುತ್ತೇನೆ. ಏನಾದರೂ ಕೇಳೋಣ ಎಂದು ಬಾಗಿಲ ತನಕ ಬರುತ್ತೇನೆ, ಅವನ ಬೆನ್ನು ನೋಡಿ ವಾಪಸು ಹೋಗುತ್ತೇನೆ.

ಅಕ್ಟೋಬರ್ 19

ಪಿಂತಾ ಬದುಕಿದ್ದಾಳೆ! ಲೌತಾರೊ ನೋಡಿ ಬಂದ. ಒರತೆಯ ಪಕ್ಕದ ಎಳೆ ಹುಲ್ಲನ್ನು ಒಸಡಲ್ಲೇ ಅಗಿಯುತ್ತಿದ್ದಾಳಂತೆ. ಗೊರಸು ಬೆಂದಿದೆ, ಇಳಿಯಲಾರಳು. ಬಾಲ್ತಸಾರನಿಗೆ ಹೇಳಿದೆ. ಕಣ್ಣು ಮುಚ್ಚಿಕೊಂಡ. ನಾನೇ ಹೋಗಿ ಹುಲ್ಲು ತೊಳೆದು ಹಾಕಿ ಬಂದೆ. ಸಂಜೆ ಇಳಿದೆ.

ನವೆಂಬರ್ 5

ದಿನಾ ಹತ್ತಿ ಇಳಿದು ಮೊಣಕಾಲು ಹೋಯಿತು. ಡಾನ್ ಆಬ್ದೋನ್ ಹೊಸ ಬ್ಯಾಟರಿ ಹಾಕಿಸಿದ್ದಾನೆ, ರೇಡಿಯೋ ಮಾತಾಡುತ್ತದೆ. ಹೇಗೂ ಇಲ್ಲಿರುತ್ತೇನಲ್ಲ, ಅಮ್ಮನ ವರದಿಯನ್ನೂ ನಾನೇ ಕೊಡುತ್ತಿದ್ದೇನೆ. ಇವತ್ತು ತಡವಾಯಿತು, ಇಲ್ಲೇ ಅಡುಗೆಕೋಣೆಯಲ್ಲಿ ಮಲಗುತ್ತೇನೆ. ಇದೊಂದು ದಿನ.

ನವೆಂಬರ್ 8

ಇವತ್ತೂ ತಡವಾಯಿತು. ಅಮ್ಮ ಗೊಣಗುತ್ತಿದ್ದಾಳೆ, ಚೆನ್ನಾಗಿ ನಿದ್ದೆ ಬರುತ್ತದೆ.

ನವೆಂಬರ್ 12

ಮೆಲಿದಾ ಮೈಕಿಗೆ ಬಾಯಿ ಹಾಕಿ, "ಅಕ್ಕಾ, ಎಂಜಿನಿಯರ್ ಬಂದಿದ್ದ, ನಿನಗೆ ಹೊಟ್ಟೆ ಸರಿಯಿಲ್ಲ ಅಂದಿದೀನಿ. ಎಷ್ಟು ದಿನ ಅಂತ ಹೇಳ್ಲಿ? ಬಾರೇ" ಎಂದಳು. ಜನ ಯಾಕಿಷ್ಟು ಗಾಬರಿಯಾಗುತ್ತಾರೋ. ಇಲ್ಲಿ ಕೂತು ನೋಡುತ್ತಿರುವವಳು ನಾನು, ಏನಾದರೂ ಇದ್ದರೆ ನನಗೆ ಗೊತ್ತಾಗುವುದಿಲ್ಲವೇ?

ನವೆಂಬರ್ 14

ಮುಸ್ಸಂಜೆ ಡಾನ್ ಆಬ್ದೋನ್ ಕೂಗಿದಾಗ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೊಗೆ ಕಪ್ಪಗಿದೆ, ನೆಟ್ಟಗೆ ಎದ್ದು ನಿಂತಿದೆ. ಮಧ್ಯಾಹ್ನ ನೆಲ ನಡುಗಿತು, ಆಮೇಲೂ ನಡುಗಿತು. ಒರತೆ ಬತ್ತಿದೆ.

"ಯಂತ್ರದವರೂ ಅದನ್ನೇ ಹೇಳ್ತಿದಾರೆ. ನಾಳೆ ಬೆಳಗ್ಗೆ ಎಲ್ಲ ಊರಿನವರೂ ಇಳೀಲೇಬೇಕು. ಲೌತಾರೊ ಗಾಡಿ ತರ್ತಾನೆ. ಇಲ್ಲೊಬ್ರು ಮಾತಾಡ್ಬೇಕಂತೆ, ತಡಿ" ಎಂದ.

ಉಸಿರು ಕೇಳಿತು. ಮಾತಿಗೆ ಮುಂಚೆಯೇ ಯಾರೆಂದು ಗೊತ್ತಾಯಿತು.

"ಎತೆಲ್."

"ಏನು? ರೇಡಿಯೋ ತನಕ ಬಂದಿದೀಯಲ್ಲ."

"ಒಂದು ಮಾತು ಹೇಳ್ಬೇಕಿತ್ತು."

"ಮನೇಲೇ ಹೇಳ್ಬೋದಿತ್ತಲ್ಲ."

"ಮನೇಲಿ ಬರಲ್ಲ." ಅವನೇ ಮುಂದುವರಿಸಿದ. "ಆಗ ನಾನು ಹಸುಗೋಸ್ಕರ ಮೇಲೆ ಉಳ್ಕೊಂಡಿರ್ಲಿಲ್ಲ. ಲೌತಾರೊ ಜಾಗ ಕೊಡ್ತೀನಿ ಅಂದಿದ್ದ, ಕಟ್ಬೋದಿತ್ತು. ನೀನು ಸಂಜೆ ರೇಡಿಯೋಗೆ ಬರ್ತಿದ್ದೆ. ಮದುವೆ ಆದಾಗ್ನಿಂದ ನೀನು ನನ್ನ ಹತ್ರ ಅಷ್ಟು ಮಾತಾಡಿರ್ಲಿಲ್ಲ, ನಾನೂ ಆಡಿರ್ಲಿಲ್ಲ. ಇಳಿದ್ರೆ ನಿಂತೋಗುತ್ತೆ ಅಂತ ಗೊತ್ತಿತ್ತು. ನಿಂತೇ ಹೋಯ್ತು."

ಎಂಟು ಊರು ಕೇಳುತ್ತಿತ್ತು. ಯಾರೂ ನಗಲಿಲ್ಲ.

"ನಾಳೆ ಬಾ ಎತೆಲ್. ನಂಗೆ ಭಯ ಆಗ್ತಿದೆ" ಎಂದ.

ಗುಂಡಿ ಒತ್ತಿ, "ಊಟ ಮಾಡಿದ್ಯಾ?" ಎಂದೆ. ಏನು ಬೇಯಿಸಿದ, ಎಷ್ಟು ಸೀದಿತು, ಮೆಲಿದಾ ಏನು ಅಂದಳು ಎಂದು ಎಲ್ಲ ಹೇಳಿದ. ನಾನು ಪಿಂತಾಳ ಗೊರಸು ಮಾಯುತ್ತಿರುವುದನ್ನು ಹೇಳಿದೆ. ಮಗಳು ಹುಟ್ಟಿದ ದಿನದ ಮಾತು ಬಂತು. ಅವತ್ತು ಅವನು ಕೊಟ್ಟಿಗೆಯಲ್ಲಿ ಕೂತು ಅತ್ತಿದ್ದನಂತೆ, ನನಗೆ ಗೊತ್ತೇ ಇರಲಿಲ್ಲ. ಬ್ಯಾಟರಿ ಮುಗಿಯುತ್ತದೆ ಎಂದು ಡಾನ್ ಆಬ್ದೋನ್ ಬೇಡಿಕೊಳ್ಳುವ ತನಕ ಆಡಿದೆವು.

ಖುಷಿಯಾಗಿದೆ ನನಗೆ. ಈ ವಯಸ್ಸಿನಲ್ಲಿ, ಈ ಬೂದಿಯಲ್ಲಿ. ಬರೆಯುತ್ತಿರುವಾಗಲೂ ನೆಲ ಅಲುಗುತ್ತಿದೆ, ಅಕ್ಷರ ಸೊಟ್ಟಗಾಗುತ್ತಿದೆ. ಅವನಿಗೆ ಕೇಳಬೇಕಾದ್ದು, ಹೇಳಬೇಕಾದ್ದು ಇನ್ನೂ ಬೇಕಾದಷ್ಟಿದೆ. ಬೆಳಗ್ಗೆ ಲೌತಾರೊ ಬಂದರೆ ಸಂಜೆ ಬಾ ಎಂದು ಕಳಿಸುತ್ತೇನೆ. ನಾಳೆ ಖಂಡಿತ ಇಳಿಯುತ್ತೇನೆ, ರೇಡಿಯೋದಲ್ಲಿ ಇನ್ನೊಂದು ಸಲ ಮಾತಾಡಿ ಆದ ಮೇಲೆ.